ಏಲಕ್ಕಿ ಗೂಡಿನಲ್ಲಿ ಒಣಗಿದ ಕಂಬಳಿಗಳು

ಮಳೆ ಹಿಡಿದುಕೊಂಡರೆ ಈಗ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಸ್ಟೋರಿನ ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಕೂತಿರುತ್ತೇನೆ, ಒಂದೆರಡು ಗುಟುಕು ಒಳಗೆ ಹೋಗುವಷ್ಟರಲ್ಲಿ ಎದ್ದು ಗುಡ್ಡದ ಕಡೆ ನೋಡಬೇಕು, ಏಲಕ್ಕಿ ಗೂಡಿನ ಹೊಗೆ ಏಳುತ್ತಿದೆಯೋ ಇಲ್ಲವೋ ಎಂದು. ಏಳುತ್ತಿದ್ದರೂ ಸಮಾಧಾನವಿಲ್ಲ. ಕೊಡೆ ಬಿಡಿಸಿಕೊಂಡು ಹೋಗಿ, ಸೌದೆ ಮುಟ್ಟಿ ನೋಡಿ, ಒಲೆಯ ಬಾಯಿಗೆ ಬಗ್ಗಿ ಕೆಮ್ಮಿ, ವಾಪಸು ಬರುವ ಹೊತ್ತಿಗೆ ಕಾಫಿ ತಣ್ಣಗಾಗಿರುತ್ತದೆ. "ಸಿಸ್ಟರ್ ಹೋಗೋವಾಗ ಅವ್ರ ಕಾಲಿನ ಚಕ್ರ ಬಿಚ್ಚಿ ನಿಮ್ಗೆ ಕಟ್ಟಿ ಹೋಗ್ಬುಟ್ರು ಕಣ್ರೀ" ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಸಿಸ್ಟರ್ ತೀರಿಕೊಂಡದ್ದು ಈ ಬೇಸಿಗೆಯಲ್ಲಿ, ಮಂಗಳೂರಿನಲ್ಲಿ, ಮಗಳ ಮನೆಯಲ್ಲಿ. ಇದು ಆಕೆಯಿಲ್ಲದ ಮೊದಲ ಮಳೆಗಾಲ.

ನಾನು ಮಾರನಹಳ್ಳಿಯಿಂದ ಒಳಗೆ, ಹೆಗ್ಗದ್ದೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ರೈಟರ್ ಎಂದರೆ ಕಥೆ ಬರೆಯುವವನಲ್ಲ. ಆಳುಗಳ ಹಾಜರಿ, ಸ್ಟೋರಿನ ಬೀಗದ ಕೈ, ಹಾಸನದಲ್ಲಿರುವ ಸಾಹುಕಾರರ ಬೈಗುಳ, ಇಷ್ಟೂ ನನ್ನ ವಶ. ಸಿಸ್ಟರ್ ಅವರ ತಮ್ಮನ ಸಣ್ಣ ತೋಟ ನಮ್ಮ ಬೇಲಿಯ ಆಚೆ ಇತ್ತು. ಕರಾವಳಿಯಿಂದ ಬಂದ ಕ್ರೈಸ್ತ ಮನೆತನ. ಮಂಗಳೂರಿನ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ಜೀವಮಾನವೆಲ್ಲ ನರ್ಸ್ ಆಗಿದ್ದು, ನಿವೃತ್ತಿಯಾದ ಮೇಲೆ ಆಕೆ ತಮ್ಮನ ಮನೆಗೆ ಬಂದು ನಿಂತರು. ನಿಂತರು ಎಂದೇ ಹೇಳಬೇಕು, ಕೂತದ್ದನ್ನು ಯಾರೂ ನೋಡಿದವರಿಲ್ಲ. ಊಟ ನಿಂತೇ, ಕಾಫಿ ನಿಂತೇ. ಭಾನುವಾರ ಚರ್ಚಿನಲ್ಲಿ ಕೂಡ ಹಿಂದಿನ ಕಂಬದ ಹತ್ತಿರ ನಿಂತಿರುತ್ತಿದ್ದರಂತೆ. "ಪಾದ್ರಿಗಳು ಬೆಂಚು ತೋರಿಸಿ ತೋರಿಸಿ ಸುಸ್ತಾದರು" ಎಂದು ತಮ್ಮ ಹೇಳಿ ನಗುತ್ತಿದ್ದರು.

ಲೈನಿನ ಹೆಂಗಸರು, ಅಂದರೆ ಎಸ್ಟೇಟಿನ ಸಾಲುಮನೆಗಳಲ್ಲಿರುವವರು, ಆಕೆಯನ್ನು ಬಹಳ ದಿನ ಸನ್ಯಾಸಿನಿ ಅಂದುಕೊಂಡಿದ್ದರು. ಸಿಸ್ಟರ್ ಎಂಬ ಹೆಸರಿನ ಪ್ರಭಾವ. ಒಂದು ದಿನ ಆಕೆ ಮೊಮ್ಮಗನ ಹುಟ್ಟುಹಬ್ಬದ ಕೇಕು ತಂದು ಹಂಚಿದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೇಕು ಮಾತ್ರ ಯಾರೂ ಬಿಡಲಿಲ್ಲ.

ನಿಜ ಹೇಳಬೇಕೆಂದರೆ ಆಕೆಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಂದವರೇ ನನ್ನ ಮೇಜಿನ ಮೇಲಿನ ಸಾಮಾನನ್ನೆಲ್ಲ ಆ ಕಡೆಯಿಂದ ಈ ಕಡೆಗೆ ಜೋಡಿಸುತ್ತಿದ್ದರು. ಮಾತಾಡುತ್ತ ಮಾತಾಡುತ್ತ ಹೊರಟುಬಿಡುತ್ತಿದ್ದರು, ಉತ್ತರ ಹೇಳಬೇಕಾದರೆ ಹಿಂದೆ ಓಡಬೇಕು. ತೋಟದೊಳಗೆ ನಡೆಯುವಾಗ ಕೈ ಸುಮ್ಮನಿರದೆ ಹಣ್ಣು ಕೊಯ್ದು ಸಿಕ್ಕವರ ಬುಟ್ಟಿಗೆ ಎಸೆಯುತ್ತಿದ್ದರು. ಕೂತ್ಕಳಿ ಸಿಸ್ಟರ್ ಎಂದರೆ, "ನಾನು ಕೂತರೆ ಏಳಿಸಲಿಕ್ಕೆ ನಾಲ್ಕು ಜನ ಬೇಕು ಮಾರಾಯ್ರೆ, ಬೇಡ" ಎನ್ನುತ್ತಿದ್ದರು. ಆಗೆಲ್ಲ ಅವರದು ಕಟ್ಟಿಗೆಯಂಥ ಮೈ.

ಆಕೆ ನಮ್ಮ ಲೈನಿಗೆ ಮೊದಲು ಬಂದದ್ದು ಚೈತ್ರಳಿಗಾಗಿ. ಬಿಸಿಲೆ ಕಡೆಯ ಕಾಡಂಚಿನ ಊರಿಂದ ಬಂದ ಗಿರಿಜ ಎಂಬಾಕೆಯ ಮಗಳು, ಆಗ ಮೂರನೇ ಕ್ಲಾಸು. ಹುಡುಗಿಗೆ ಇದ್ದಕ್ಕಿದ್ದಂತೆ ಕೈಕಾಲು, ಸೊಂಟ, ಎದೆಗೂಡು ಎಲ್ಲ ನೋವು ಕಿತ್ತುಕೊಂಡು ಬರುತ್ತಿತ್ತು. ಅವಳ ಕೂಗು ಸ್ಟೋರಿನವರೆಗೆ ಕೇಳುತ್ತಿತ್ತು. ಗಾಳಿ ಸೋಕಿದೆ ಅಂದವರೂ ಇದ್ದರು, ಶಾಲೆ ತಪ್ಪಿಸಲು ನಾಟಕ ಅಂದವರೂ ಇದ್ದರು. ಕೊನೆಗೆ ಶಾಲೆಯಲ್ಲಿ ರಕ್ತ ಪರೀಕ್ಷೆ ನಡೆದಾಗ ಅದು ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಎಂದು ಗೊತ್ತಾಯಿತು. ಸಕಲೇಶಪುರದ ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರು. ಮಾತ್ರೆ ತಪ್ಪದಂತೆ ನೋಡಿಕೊಳ್ಳುತ್ತೇನೆ ಎಂದು ಸಿಸ್ಟರ್ ತಾವಾಗಿ ಮೈಮೇಲೆ ಎಳೆದುಕೊಂಡರು.

ಲೈನಿನ ಅಂಗಳದಲ್ಲಿ ಹೆಂಗಸರನ್ನು ಸೇರಿಸಿ ಆಕೆ ವಿವರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಗಿರಿಜಳ ಕೈಯಲ್ಲಿದ್ದ ಕುಡುಗೋಲನ್ನೇ ಇಸಿದುಕೊಂಡರು. "ನಮ್ಮ ನಿಮ್ಮ ರಕ್ತದಲ್ಲಿ ಕಣ ದುಂಡಗೆ ಉಂಟು, ಜಾರಿಕೊಂಡು ಹೋಗ್ತದೆ. ಈ ಹುಡುಗಿಯದ್ದು ಹೀಗೆ ಬಾಗ್ತದೆ, ನೋಡಿ. ಸಣ್ಣ ನರದಲ್ಲಿ ಒಂದಕ್ಕೊಂದು ಸಿಕ್ಕಿಹಾಕಿಕೊಂಡು ದಾರಿ ಕಟ್ಟಿಬಿಡ್ತದೆ. ಅದೇ ನೋವು. ಅಪ್ಪ ಅಮ್ಮನಿಂದ ಬಂದದ್ದು, ಯಾರಿಂದಲೂ ಅಂಟಿದ್ದಲ್ಲ, ಯಾರಿಗೂ ಅಂಟುದೂ ಇಲ್ಲ. ಮಾತ್ರೆ ಬಿಡಬಾರದು, ಜ್ವರ ಬಂದರೆ ಬೆಳಗಾಗುವವರೆಗೆ ಕಾಯಬಾರದು, ನೀರು ಜಾಸ್ತಿ ಕುಡಿಯಬೇಕು, ಥಂಡಿ ಆಗಬಾರದು. ಥಂಡಿ ಅಂದರೆ ಇವಳಿಗೆ ಶತ್ರು." ಗಿರಿಜ ಎಲ್ಲದಕ್ಕೂ ಹೂಂಗುಟ್ಟಿದಳು.

ಆ ಮಳೆಗಾಲ ಹುಡುಗಿಗೆ ಮೇಲಿಂದ ಮೇಲೆ ನೋವು ಬಂತು. ಬೇಸಿಗೆಯಲ್ಲಿ ಚೆನ್ನಾಗಿಯೇ ಇದ್ದವಳು, ಮಳೆ ಹಿಡಿದದ್ದೇ ತಡ, ಬೆಳಗಿನ ಜಾವಕ್ಕೆ ಕೂಗು ಶುರು. ಎಸ್ಟೇಟಿನ ಜೀಪಿನಲ್ಲಿ ಸಕಲೇಶಪುರಕ್ಕೆ ಹೊರುವುದು, ಡ್ರಿಪ್ ಹಾಕಿಸುವುದು, ತರುವುದು. ಸಿಸ್ಟರಿಗೆ ತಲೆ ಚಿಟ್ಟು ಹಿಡಿದುಹೋಯಿತು. ಮಾತ್ರೆ ಲೆಕ್ಕ ಸರಿಯಿತ್ತು. ಮೈಮೇಲೆ ಸ್ವೆಟರ್ ಇತ್ತು, ಕಾಲಿಗೆ ಕಾಲುಚೀಲವೂ ಇತ್ತು. ನೀರು ಕುಡಿಸುತ್ತಿದ್ದೀಯಾ ಎಂದು ಕೇಳಿದರೆ, "ಊಂ ಸಿಸ್ಟರ್, ಕುಡುಸ್ತೀನಿ" ಎಂದು ಗಿರಿಜ ಕಣ್ಣು ತಪ್ಪಿಸಿ ಹೇಳುತ್ತಿದ್ದಳು. "ಎಲ್ಲಿಯೋ ಒಂದು ಕಡೆ ತೂತು ಉಂಟು ಮಾರಾಯ್ರೆ, ನನಗೆ ಕಾಣ್ತಿಲ್ಲ" ಎಂದು ಆಕೆ ನನ್ನ ಜಗಲಿಯ ಉದ್ದಗಲ ಅಳೆಯುತ್ತಿದ್ದರು. ನನಗೆ ಆಕೆಯ ನಡಿಗೆ ನೋಡಿಯೇ ಸುಸ್ತಾಗುತ್ತಿತ್ತು.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಆಕೆ ಲೈನಿಗೆ ಹೊರಟರು. ಕರೆಂಟು ಕಂಬದ ವಿಚಾರಕ್ಕೆ ನಾನೂ ಜೊತೆಗಿದ್ದೆ. ಗಿರಿಜಳ ಮನೆಯ ಮೂಲೆಯಲ್ಲಿ ಕುಡಿಯುವ ನೀರಿನ ಕೊಡ ಬೋರಲು ಹಾಕಿತ್ತು. ಸಿಸ್ಟರ್ ಅದನ್ನು ನೋಡಿದರು, ತಮಗೆ ಬಾಯಾರಿದೆ ಅಂದರು. ಗಿರಿಜ ಗಡಿಬಿಡಿಯಿಂದ ಪಕ್ಕದ ಮನೆಯಿಂದ ಒಂದು ಲೋಟ ನೀರು ತಂದುಕೊಟ್ಟಳು. ಒಲೆಯ ಹತ್ತಿರ ಕೂತಿದ್ದ ಚೈತ್ರಳ ಕಣ್ಣು ಲೋಟದ ಜೊತೆಗೇ ಬಂತು. ಸಿಸ್ಟರ್ ತುಟಿಗೆ ತಾಗಿಸದೆ ಲೋಟವನ್ನು ಅವಳ ಕಡೆ ಚಾಚಿದರು. ಹುಡುಗಿ ಉಸಿರು ಬಿಡದೆ ಗಟಗಟ ಕುಡಿದುಬಿಟ್ಟಳು. ಗಿರಿಜ ಹಾರಿಬಂದು ಲೋಟ ಕಿತ್ತುಕೊಂಡಾಗ ಅದರಲ್ಲಿ ಒಂದು ಹನಿಯೂ ಉಳಿದಿರಲಿಲ್ಲ.

"ನೀವೇ ಅಲ್ವಾ ಥಂಡಿ ಆಗ್ಬಾರ್ದು ಅಂದಿದ್ದು!" ಎಂದು ಗಿರಿಜ ಅಳುತ್ತ ಕೂಗಿದಳು. "ಮಳೇಗಾಲ್ದಾಗೆ ನೀರು ಥಂಡಿ ಅಲ್ದೆ ಇನ್ನೇನು? ಸಂಜೆ ಮ್ಯಾಲೆ ಕುಡುದ್ರೆ ರಾತ್ರಿಯೆಲ್ಲ ಹಾಸ್ಗೇಲೆ ಉಯ್ಕತಾಳೆ ಸಿಸ್ಟರ್. ಇರೋದು ಒಂದು ಕಂಬ್ಳಿ. ಆಷಾಢ್ದಾಗೆ ಎಲ್ಲಿ ಒಣ್ಗುಸ್ಲಿ, ನಿಮ್ ಕೊಡೆ ಮ್ಯಾಲಾ? ಒದ್ದೆ ಕಂಬ್ಳೀಲಿ ಮಲುಗ್ಸಿದ್ರೆ ಥಂಡಿ ಅಲ್ವಾ?"

ಸಿಸ್ಟರ್ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆಕೆ ಅಷ್ಟು ಹೊತ್ತು ಅಲ್ಲಾಡದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ವಾಪಸು ಬರುವಾಗ ತಮ್ಮನ್ನೇ ಬೈದುಕೊಂಡರು. ಈ ಕಾಯಿಲೆಯ ಮಕ್ಕಳ ಮೂತ್ರಪಿಂಡ ನೀರು ಹಿಡಿದಿಡುವುದಿಲ್ಲವಂತೆ, ಹಾಸಿಗೆ ಒದ್ದೆಯಾಗುವುದು ಕಾಯಿಲೆಯದ್ದೇ ಒಂದು ಭಾಗವಂತೆ. ಹಾಗೆ ಹೊರಗೆ ಹೋಗುವುದರಿಂದಲೇ ಅವರು ಹೆಚ್ಚು ಕುಡಿಯಬೇಕು. ಕುಡಿಯದೆ ಮಲಗಿದರೆ ಬೆಳಗಿನ ಹೊತ್ತಿಗೆ ರಕ್ತ ಗಟ್ಟಿಯಾಗಿ ನೋವು. "ನನಗೆ ಗೊತ್ತಿದ್ದದ್ದೇ! ವಾರ್ಡಿನಲ್ಲಿ ಎಷ್ಟು ಮಕ್ಕಳ ಶೀಟು ಬದಲಿಸಿದ್ದೇನೆ. ಅಲ್ಲಿ ಶೀಟು ಬದಲಿಸಿದರೆ ಆಯಿತು. ಇಲ್ಲಿ ಬದಲಿಸಲಿಕ್ಕೆ ಎಂತ ಉಂಟು? ನಾನು ಥಂಡಿ ಥಂಡಿ ಅಂತ ಬೊಬ್ಬೆ ಹೊಡೆದದ್ದು ಮಾತ್ರ." ಗೇಟಿನ ಹತ್ತಿರ ನಿಂತು ನನ್ನ ಕಡೆ ತಿರುಗಿದರು. "ಬುದ್ಧಿ ಹೇಳಿದರೆ ಆಗುದಿಲ್ಲ ರೈಟರೇ. ಕಂಬಳಿ ಒಣಗಬೇಕು. ಸ್ಟೋರಿನ ಬೀಗದ ಕೈ ಕೊಡಿ."

ನಾನು ಒಪ್ಪಲಿಲ್ಲ. ಕಾಫಿಬೀಜ ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಎಳೆದುಕೊಳ್ಳುತ್ತದೆ. ಸ್ಟೋರಿನ ತುಂಬ ಮೂಟೆಗಳಿದ್ದವು. ಉಚ್ಚೆ ವಾಸನೆ ಹಿಡಿದ ಕಾಫಿಯನ್ನು ಯಾರಾದರೂ ಕೊಳ್ಳುತ್ತಾರೆಯೇ? ನಾನು ಸಾಹುಕಾರರಿಗೆ ಏನು ಹೇಳಲಿ? ಇದನ್ನು ಸ್ವಲ್ಪ ಜೋರಾಗಿಯೇ ಹೇಳಿದೆ. ಆಕೆ ಕೇಳಿಸಿಕೊಳ್ಳುತ್ತಲೇ ಗುಡ್ಡದ ಕಡೆ ಕೈ ಮಾಡಿ, "ಅಲ್ಲಿ ಒಂದು ಹಾಳು ಬಿದ್ದಿದೆಯಲ್ಲ, ಚಿಮಣಿ ಇರುದು, ಅದು ಎಂತ?" ಅಂದರು.

ಅದು ಏಲಕ್ಕಿ ಗೂಡು. ನಮ್ಮ ಕಡೆ ಏಲಕ್ಕಿ ಚೆನ್ನಾಗಿದ್ದ ಕಾಲದಲ್ಲಿ ಕಾಯಿ ಒಣಗಿಸಲು ಕಟ್ಟಿದ್ದು. ಹೊರಗಿನಿಂದ ಸೌದೆ ಹಾಕಿದರೆ ಬಿಸಿ ಹೊಗೆ ತಗಡಿನ ಕೊಳವೆಯೊಳಗೇ ಕೋಣೆಯೆಲ್ಲ ಸುತ್ತಿ ಚಿಮಣಿಯಿಂದ ಹೋಗುತ್ತದೆ, ಒಳಗೆ ಬರೀ ಕಾವು. ಮೇಲೆ ತಂತಿ ಬಲೆಯ ಅಟ್ಟಣೆಗಳು. ಗಿಡಕ್ಕೆ ರೋಗ ಬಿದ್ದು ಏಲಕ್ಕಿ ಹೋದ ಮೇಲೆ ಅಲ್ಲಿ ಬಾವಲಿಗಳ ಸಂಸಾರ ಮಾತ್ರ ನಡೆದಿತ್ತು. ಸಾಹುಕಾರರಿಗೆ ಫೋನು ಮಾಡಿದೆ. ಅವರು ಬೈಯುತ್ತಾರೆ, ಬೇಡ ಅನ್ನುತ್ತಾರೆ, ಅಲ್ಲಿಗೆ ಪೀಡೆ ಕಳೆಯುತ್ತದೆ ಎಂಬುದು ನನ್ನ ಲೆಕ್ಕಾಚಾರ. ಅವರು, "ಏನಾದ್ರೂ ಮಾಡ್ಕಳ್ಳಿ, ತೋಟಕ್ಕೆ ಬೆಂಕಿ ಇಕ್ಬೇಡಿ" ಎಂದು ಫೋನಿಟ್ಟರು.

ಸಿಸ್ಟರ್ ಸೆರಗು ಬಿಗಿದು ಗುಡಿಸಿದರು. ತೋಟದ ನೆರಳು ಕಡಿಮೆ ಮಾಡಲು ಮರಗಸಿ ಮಾಡಿದಾಗ ಬಿದ್ದ ಸಿಲ್ವರ್ ಓಕಿನ ಕೊಂಬೆ ರಾಶಿ ಇತ್ತು, ಸೌದೆಗೆ ಬರವಿರಲಿಲ್ಲ. ಮೊದಲ ದಿನ ಉರಿ ಜಾಸ್ತಿಯಾಗಿ ಗಿರಿಜಳ ಇದ್ದೊಂದು ಕಂಬಳಿಯ ಮೂಲೆ ಕರಿಕಾಯಿತು. ಸಿಸ್ಟರ್ ಮನೆಗೆ ಓಡಿಹೋಗಿ ತಮ್ಮ ತಮ್ಮನ ಹಾಸಿಗೆಯ ಮೇಲಿದ್ದ ದಪ್ಪ ರಗ್ಗು ಎತ್ತಿಕೊಂಡು ಬಂದರು. ಆ ಮನುಷ್ಯ ಆಗ ಅದನ್ನು ಹೊದ್ದು ಮಲಗಿದ್ದರಂತೆ.

ಕಂಬಳಿ ಒಣಗಿತು. ಹುಡುಗಿ ಕುಡಿದಳು. ಒಂದಷ್ಟು ದಿನ ಕೂಗು ಕೇಳಿಸಲಿಲ್ಲ. ಆದರೆ ಲೈನಿನಲ್ಲಿ ಬಾಯಿಗಳಿಗೆ ಬಿಡುವು ಬೇಕಲ್ಲ. ಯಾರೋ ಅದಕ್ಕೆ ಉಚ್ಚೆ ಗೂಡು ಎಂದು ಹೆಸರಿಟ್ಟರು. ಗಿರಿಜ ಕಂಬಳಿ ಹೊತ್ತು ಗುಡ್ಡ ಹತ್ತುವಾಗ ಹಿಂದಿನಿಂದ ಕಿಸಕ್ಕೆನ್ನುವುದು, ಚೈತ್ರಳನ್ನು ಶಾಲೆಯ ದಾರಿಯಲ್ಲಿ ಮಕ್ಕಳು ಆ ಹೆಸರಿಂದ ಕರೆಯುವುದು ಶುರುವಾಯಿತು. ಗಿರಿಜ ಗೂಡಿಗೆ ಬರುವುದು ನಿಲ್ಲಿಸಿದಳು. ಸಂಜೆಯ ಕೊಡ ಮತ್ತೆ ಬೋರಲು ಬಿತ್ತು. ಈ ಸಲದ ನೋವು ಎದೆಗೆ ಹಿಡಿದು ಹುಡುಗಿಗೆ ಉಸಿರೇ ಕಷ್ಟವಾಯಿತು. ಸಕಲೇಶಪುರದಲ್ಲಿ ಆಗದೆಂದು ಹಾಸನಕ್ಕೆ ಕಳಿಸಿದರು. ಜೀಪಿನ ಹಿಂದಿನ ಸೀಟಿನಲ್ಲಿ ಸಿಸ್ಟರ್ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಬಂದರು. ದಾರಿಯುದ್ದಕ್ಕೂ ಕೂತಲ್ಲೇ ಕೂತಿದ್ದರು. ನನಗೆ ಹೆದರಿಕೆಯಾದದ್ದು ಅದಕ್ಕೇ.

ಹುಡುಗಿ ಉಳಿದಳು. ಅವಳು ಆಸ್ಪತ್ರೆಯಿಂದ ಬಂದ ಮಾರನೆಯ ಬೆಳಿಗ್ಗೆ, ಆಳುಗಳೆಲ್ಲ ಹಾಜರಿಗೆ ನಿಂತಿರುವಾಗ, ಸಿಸ್ಟರ್ ಗೇಟಿನಿಂದ ಬಂದರು. ಹೆಗಲ ಮೇಲೆ ತೊಟ್ಟಿಕ್ಕುವ ಒಂದು ರಗ್ಗು. ಸೀದಾ ಸಾಲಿನ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು: "ರಾತ್ರಿ ನನ್ನ ಹಾಸಿಗೆಯಲ್ಲಿ ಆಗಿಹೋಯಿತು. ವಯಸ್ಸಾಯಿತಲ್ಲ, ತಡೆಯುದಿಲ್ಲ. ಒಣಗಿಸಲಿಕ್ಕೆ ಹೋಗ್ತಿದ್ದೇನೆ. ಯಾರದ್ದಾದರೂ ಉಂಟಾ, ಕೊಡಿ, ಒಟ್ಟಿಗೆ ಹಾಕುವ."

ನಾನು ನಾಚಿಕೆಯಿಂದ ನೆಲ ನೋಡಿದೆ. ಆಮೇಲೆ ಹಿಂದಿನ ಸಾಲಿನಿಂದ ನಮ್ಮ ಹಿರಿಯ ಆಳು ಹೆಂಗಸು, ಯಾರಿಗೂ ಸೊಪ್ಪು ಹಾಕದವಳು, "ಥೂ, ನಂದೂ ವರ್ಸದಿಂದ ಹಂಗೇ ಕಣವ್ವ, ಸೊಸೆಗೆ ಹೆದ್ರಿ ಬಾಯಿ ಮುಚ್ಕಂಡಿದ್ದೆ. ತಡಿ, ತತ್ತೀನಿ" ಎಂದು ಹೊರಟಳು. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಆ ದಿನ ಹಾಜರಿ ಮುಗಿಯುವಾಗ ಬಿಸಿಲೇರುವಷ್ಟು ಹೊತ್ತಾಗಿತ್ತು, ಬಿಸಿಲಿದ್ದಿದ್ದರೆ. ಸಂಜೆಗೆ ಅಟ್ಟಣೆಯಲ್ಲಿ ಜಾಗ ಸಾಲದೆ ಹಗ್ಗ ಕಟ್ಟಬೇಕಾಯಿತು. ಒದ್ದೆಯಾದದ್ದೂ ಬಂತು, ಬರೀ ಮುಗ್ಗಲು ಹಿಡಿದದ್ದೂ ಬಂತು, ಯಾವುದು ಯಾವುದೆಂದು ಯಾರೂ ಮೂಸಿ ನೋಡಲಿಲ್ಲ. ಉಚ್ಚೆ ಗೂಡು ಎಂಬ ಹೆಸರು ಹೋಗಲಿಲ್ಲ. ಈಗ ಎಲ್ಲರೂ ಹಾಗೇ ಕರೆಯುತ್ತೇವೆ, ನನ್ನ ಹೆಂಡತಿಯೂ ಅಲ್ಲಿಗೇ ರಗ್ಗು ಕಳಿಸುತ್ತಾಳೆ.

ಆ ರಗ್ಗಿಗೆ ಆಕೆ ನಲ್ಲಿ ನೀರು ಸುರಿದುಕೊಂಡು ಬಂದಿದ್ದರೋ, ಹೇಳಿದ್ದು ನಿಜವೋ, ನಾನು ಕೇಳಲಿಲ್ಲ. ಕೇಳುವಷ್ಟು ಸಲುಗೆ ಆಮೇಲೆ ಬಂತು, ಆದರೂ ಕೇಳಲಿಲ್ಲ.

ಇಷ್ಟಕ್ಕೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಒಂದು ವರ್ಷ ಜ್ವರದ ಬೆನ್ನಿಗೇ ನೋವು ಬಂತು. ಇನ್ನೊಮ್ಮೆ ಹುಡುಗಿ ಗೆಳತಿಯರ ಜೊತೆ ಹಳ್ಳದ ತಣ್ಣೀರಿಗಿಳಿದು ಆಸ್ಪತ್ರೆ ಸೇರಿದಳು. ಸಿಸ್ಟರ್ ಶಾಲೆಗೆ ಹೋಗಿ, ಇವಳನ್ನು ಸುಸ್ತಾಗುವವರೆಗೆ ಓಡಿಸಬೇಡಿ, ಹಾಗಂತ ಮೂಲೆಯಲ್ಲೂ ಕೂರಿಸಬೇಡಿ ಎಂದು ಡ್ರಿಲ್ ಮೇಷ್ಟ್ರ ತಲೆ ತಿಂದರು. ಆದರೆ ಬೆಳಗಿನ ಜಾವದ ಆ ಕೂಗು ಅಪರೂಪವಾಯಿತು. ಮಳೆಗಾಲ ಪೂರ್ತಿ ಜೀಪು ಸ್ಟಾರ್ಟ್ ಮಾಡದೆ ಕಳೆದ ವರ್ಷವೂ ಇತ್ತು. ಆ ವರ್ಷ ಸಿಸ್ಟರ್ ಇನ್ನೂ ಹೆಚ್ಚು ಚಡಪಡಿಸಿದರು. "ಸುಮ್ಮನಿದ್ದರೆ ನನಗೆ ಹೆದರಿಕೆ. ಗೆದ್ದೆವು ಅಂತ ಯಾರೋ ಕೊಡ ಬೋರಲು ಹಾಕ್ತಾರೆ ನೋಡಿ" ಎನ್ನುತ್ತ ಲೈನಿನ ಬಾಗಿಲು ಬಾಗಿಲು ತಿರುಗಿದರು.

ಈ ವರ್ಷ ಚೈತ್ರ ಎಂಟನೇ ಕ್ಲಾಸು. ಇಲ್ಲಿಂದ ಹೈಸ್ಕೂಲಿಗೆ ದಿನಾ ಮಳೆಯಲ್ಲಿ ನಡೆದು ಬಸ್ಸು ಹಿಡಿಯುವುದು ಅವಳಿಗೆ ಆಗದ ಮಾತು. ಆಲೂರಿನಲ್ಲಿ ಮಳೆ ಕಡಿಮೆ, ಹಾಸ್ಟೆಲಿದೆ, ಅಲ್ಲಿ ಸೇರಿಸಿ ಎಂದು ಸಿಸ್ಟರೇ ಪಟ್ಟು ಹಿಡಿದಿದ್ದರು. ಅಷ್ಟರಲ್ಲಿ ಆಕೆಯ ಹೃದಯ ಕೈಕೊಟ್ಟು, ಮಗಳು ಮಂಗಳೂರಿಗೆ ಕರೆದುಕೊಂಡು ಹೋದಳು. ಅಲ್ಲಿಂದ ಫೋನು ಮಾಡುತ್ತಿದ್ದರು. ಹಿಂದಿನಿಂದ ಮಗಳು "ಮಮ್ಮಿ, ಮಲಕೊಳ್ಳಿ" ಎಂದು ರೇಗುವುದು ಕೇಳಿಸುತ್ತಿತ್ತು. ಕೊನೆಯ ಸಲ ಮಾತಾಡಿದ್ದು ಇಷ್ಟೇ: "ಹುಡುಗಿಯನ್ನು ಹೆದರಿಸಿ ಮನೆಯಲ್ಲಿ ಕೂರಿಸಬೇಡಿ ರೈಟರೇ. ಅಲ್ಲಿ ನಾಚಿಕೆ ಮಾಡಿಕೊಂಡು ನೀರು ಬಿಟ್ಟರೆ ಏನು ಮಾಡುದು, ಅದೊಂದು ಯೋಚನೆಯಲ್ಲಿ ನನಗೆ ನಿದ್ದೆ ಬರುದಿಲ್ಲ." ನಾನು ನೋಡಿಕೊಳ್ಳುತ್ತೇನೆ ಎಂದೆ. ಏನು ನೋಡಿಕೊಳ್ಳುವುದು ಎಂದು ನನಗೇ ಗೊತ್ತಿರಲಿಲ್ಲ. ಆ ವಾರವೇ ಆಕೆ ಹೋದರು.

ಜೂನಿನಲ್ಲಿ ಗಿರಿಜ, ಚೈತ್ರ, ನಾನು ಟ್ರಂಕು ಹೊತ್ತು ಆಲೂರಿಗೆ ಹೋದೆವು. ಬಸ್ಸಿನಲ್ಲಿ ಹುಡುಗಿ ಮುಂದಿನ ಸೀಟಿನಲ್ಲಿದ್ದಳು. ಗಿರಿಜ ನನ್ನ ಕಡೆ ಬಾಗಿ, "ರೈಟ್ರೇ, ಕಾಯಿಲೆ ವಿಚಾರ ಹೇಳಿ, ಮಾತ್ರೆ ವಿಚಾರ ಹೇಳಿ. ಅದೊಂದು ಹೇಳ್ಬೇಡಿ. ಈಗ ಯಾವಾಗ್ಲೋ ಒಂದೊಂದ್ಸಲ ಅಷ್ಟೇ. ವಯಸ್ಸಿಗ್ ಬಂದ ಹುಡ್ಗಿ, ಮಿಕ್ಕೋರು ಆಡ್ಕಂತಾರೆ" ಎಂದು ಬೇಡಿಕೊಂಡಳು. ಹೇಳದಿದ್ದರೆ ಹುಡುಗಿ ಗುಟ್ಟು ಕಾಯಲು ಬಾಯಿ ಒಣಗಿಸಿಕೊಂಡು ಮಲಗುತ್ತಾಳೆ. ಹೇಳಿದರೆ ತಾಯಿಯ ಮಾತು ಮೀರಿದಂತೆ. ಆಲೂರು ಬರುವವರೆಗೆ ನಾನು ಸೀಟಿನಲ್ಲಿ ಈ ಕಡೆಗೂ ಆ ಕಡೆಗೂ ಹೊರಳಾಡಿದೆ. ಆ ಸಿಸ್ಟರ್ ಇನ್ನೊಂದು ಮೂರು ತಿಂಗಳು ಇದ್ದಿದ್ದರೆ ಏನಾಗುತ್ತಿತ್ತು ಎಂದು ಸತ್ತವರ ಮೇಲೆ ಸಿಟ್ಟು ಮಾಡಿಕೊಂಡೆ.

ಹಾಸ್ಟೆಲಿನ ಹಜಾರದಲ್ಲಿ ಹೊಸ ಹುಡುಗಿಯರು ಟ್ರಂಕುಗಳ ಮೇಲೆ ಕೂತಿದ್ದರು. ವಾರ್ಡನ್ ಮೇಡಂ ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ನಮ್ಮ ಸರದಿ ಬಂತು. ನಾನು ಕಾಯಿಲೆಯ ಬಗ್ಗೆ ಹೇಳಿದೆ, ಮಾತ್ರೆ ತೋರಿಸಿದೆ, ಜ್ವರ ಬಂದರೆ ತಕ್ಷಣ ಆಸ್ಪತ್ರೆ ಎಂದೆ. ಮೇಡಂ ಗಮನವಿಟ್ಟು ಕೇಳಿ, "ಇನ್ನೇನಾದರೂ ಇದೆಯಾ?" ಅಂದರು. ಗಿರಿಜ ನನ್ನ ಅಂಗಿಯ ತೋಳು ಜಗ್ಗಿದಳು. ನಾನು ಮಾತ್ರೆಯ ಪೊಟ್ಟಣವನ್ನು ಮತ್ತೆ ಮಡಚತೊಡಗಿದೆ.

"ಐತೆ ಮಿಸ್" ಎಂದಳು ಚೈತ್ರ. ಅವಳ ಕಿವಿ ಕೆಂಪಾಗಿತ್ತು, ದನಿ ಮಾತ್ರ ಹಜಾರದ ಕೊನೆಯವರೆಗೆ ಹೋಯಿತು. "ನಾನು ರಾತ್ರಿನೂ ನೀರು ಕುಡೀಬೇಕು. ಕುಡುದ್ರೆ ಒಂದೊಂದ್ಸಲ ಹಾಸ್ಗೆ ಒದ್ದೆ ಆಗ್ತೈತೆ. ಮಳೇಲಿ ಒಣಗ್ಸೋ ಜಾಗ ಎಲ್ಲೈತೆ ಹೇಳಿ, ಸಾಕು."

ಟ್ರಂಕುಗಳ ಕಡೆಯಿಂದ ಯಾರೋ ಕಿಸಕ್ಕೆಂದರು. ಗಿರಿಜ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮೇಡಂ, ಬಚ್ಚಲಿನ ಹಂಡೆ ಒಲೆಯ ಹತ್ತಿರ ಬೆಚ್ಚಗಿರುತ್ತದೆ, ಅಲ್ಲೊಂದು ತಂತಿ ಕಟ್ಟಿಸುತ್ತೇನೆ ಎಂದರು. ಚೈತ್ರ ಆಗಲೇ ಟ್ರಂಕು ಎತ್ತಿಕೊಂಡಿದ್ದಳು. ಆಗ ಬಾಗಿಲ ಪಕ್ಕದಲ್ಲಿ ಅವ್ವನ ಕೈ ಹಿಡಿದು ನಿಂತಿದ್ದ, ಅವಳಿಗಿಂತ ಚಿಕ್ಕವಳಾದ ಒಬ್ಬ ಹುಡುಗಿ ಎರಡು ಹೆಜ್ಜೆ ಮುಂದೆ ಬಂದು ಕೇಳಿದಳು:

"ಮಿಸ್, ತಂತಿ ಉದ್ದುಕ್ ಕಟ್ಟುಸ್ತೀರಾ?"